ಹೇಳುವ ಬೆಲೆ, ಕುದುರುವ ಬೆಲೆ, ಸರ್ಕಾರದ ಬೆಲೆ

ಸಂಘದ ಕಚೇರಿಗೆ ಸಾಲದ ಕೆಲಸಕ್ಕೋ ಅಡಿಕೆ ಬಿಡುವುದಕ್ಕೋ ಬರುವ ಸದಸ್ಯರು ಈಚೆಗೆ ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. “ಮನೆ, ಹಿತ್ತಲಿಗೆ ಅವರು ಇಷ್ಟು ಲಕ್ಷ ಹೇಳುತ್ತಾರೆ. ಸಬ್ ರಜಿಸ್ಟ್ರಾರ್ ಕಚೇರಿಯ ಪಟ್ಟಿಯಲ್ಲಿ ಅದರ ಅರ್ಧವೂ ಇಲ್ಲ. ಇದರಲ್ಲಿ ಯಾವುದು ಖರೆ?” ಕೊಳ್ಳುವವರು ಕೇಳುವುದು ಹೀಗೆ. ಮಾರುವವರ ಪ್ರಶ್ನೆ ಬೇರೆ. “ಸರ್ಕಾರದ ಬೆಲೆಯನ್ನೇ ಕಾಗದದಲ್ಲಿ ಬರೆಸೋಣ ಎನ್ನುತ್ತಾರೆ. ಉಳಿದದ್ದನ್ನು ಕೈಯಲ್ಲಿ ಕೊಡುತ್ತಾರಂತೆ. ಒಪ್ಪಬಹುದೇ?”

ಈ ಎರಡೂ ಪ್ರಶ್ನೆಗಳಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಆದಕಾರಣ ಈ ಸಂಚಿಕೆಯಲ್ಲಿ ವಿಷಯವನ್ನು ಬುಡದಿಂದ ನೋಡೋಣ. ಸೂಪಾ ಸೀಮೆಯವರಾದ ನಮಗೆ ಇದು ಬರೀ ಲೆಕ್ಕದ ಮಾತಲ್ಲ. ಕಾಗದದ ಮೇಲಿನ ಬೆಲೆಗೆ ಮನೆ ಮಠ ಬಿಟ್ಟು ಎದ್ದು ಹೋದವರ ತಾಲೂಕು ನಮ್ಮದು.

ಮೂರು ಬೆಲೆಗಳು

ಒಂದು ಮನೆಗೆ ಒಂದೇ ಬೆಲೆ ಇರುತ್ತದೆ ಎಂದು ತಿಳಿಯುವುದೇ ಮೊದಲನೆಯ ತಪ್ಪು. ವ್ಯವಹಾರದಲ್ಲಿ ಮೂರು ಬೆಲೆಗಳಿರುತ್ತವೆ.

ಮೊದಲನೆಯದು ಹೇಳುವ ಬೆಲೆ. ಇದು ಮಾರುವವನ ಆಸೆ. ಇದರಲ್ಲಿ ಅವನ ಸಾಲ, ಮಗಳ ಮದುವೆಯ ಖರ್ಚು, ಅಜ್ಜ ಕಟ್ಟಿಸಿದ ಮನೆಯೆಂಬ ಅಭಿಮಾನ, ಪಕ್ಕದ ಊರಿನಲ್ಲಿ ಯಾರೋ ಯಾರಿಗೋ ಮಾರಿದರೆಂಬ ಸುದ್ದಿ, ಎಲ್ಲವೂ ಸೇರಿರುತ್ತವೆ. ಚೌಕಾಶಿಗೆ ಬಿಟ್ಟ ಅಂತರವೂ ಇದರೊಳಗೇ ಇರುತ್ತದೆ.

ಎರಡನೆಯದು ಕುದುರುವ ಬೆಲೆ. ಇಬ್ಬರೂ ಒಪ್ಪಿ, ನಿಜವಾಗಿ ಹಣ ಕೈ ಬದಲಾಗುವುದು ಈ ಬೆಲೆಗೆ. ಮಾರುಕಟ್ಟೆ ಬೆಲೆ ಎನ್ನತಕ್ಕದ್ದು ಇದಕ್ಕೇ.

ಮೂರನೆಯದು ಸರ್ಕಾರದ ಬೆಲೆ, ಅಂದರೆ ಮಾರ್ಗಸೂಚಿ ಬೆಲೆ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಮಿನ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ ಇದನ್ನು ಗೊತ್ತುಮಾಡುತ್ತದೆ. ತಾಲೂಕು ಮಟ್ಟದಲ್ಲಿ ಅದಕ್ಕೆ ಉಪಸಮಿತಿಗಳಿವೆ. ಮುದ್ರಾಂಕ ಶುಲ್ಕವನ್ನು ಯಾರೂ ತಪ್ಪಿಸಬಾರದು ಎಂಬುದೇ ಇದರ ಉದ್ದೇಶ. ನಿಮ್ಮ ಮನೆಯನ್ನು ಯಾರೂ ಬಂದು ನೋಡಿ ಕಟ್ಟಿದ ಬೆಲೆ ಇದಲ್ಲ. ಊರು, ರಸ್ತೆ, ಜಮೀನಿನ ವರ್ಗ ಇವುಗಳ ಮೇಲೆ ಇಡೀ ಪ್ರದೇಶಕ್ಕೆ ಹಾಕಿದ ದರ.

ಅಡಿಕೆಯವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭ. ಟೆಂಡರಿನ ದಿನ ಅಂಗಳದಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಪ್ರತಿಯೊಂದಕ್ಕೂ ಬೇರೆ ದರ. ಒಂದೇ ರಾಶಿ ಅಡಿಕೆಯಲ್ಲೂ ಲಾಟಿನಿಂದ ಲಾಟಿಗೆ ಫರಕು. ಈಗ ಯಾರಾದರೂ “ಈ ಊರಿನ ಅಡಿಕೆಗೆಲ್ಲ ಒಂದೇ ದರ, ವರ್ಷಗಟ್ಟಲೆ ಅದೇ” ಎಂದರೆ ನಾವು ಒಪ್ಪುತ್ತೇವೆಯೇ? ಮಾರ್ಗಸೂಚಿ ಬೆಲೆ ಹೆಚ್ಚುಕಡಿಮೆ ಅಂಥದ್ದು. ಶುಲ್ಕ ವಸೂಲಿಗೆ ಅದು ಅನುಕೂಲ. ಮಾಲಿನ ಗುಣವನ್ನು ಮಾತ್ರ ಅದು ಹೇಳಲಾರದು.

ನಮ್ಮ ಸೀಮೆಯಲ್ಲಿ ಅಂತರ ಏಕೆ ದೊಡ್ಡದು?

ಹೇಳುವ ಬೆಲೆ ಸರ್ಕಾರದ ಬೆಲೆಗಿಂತ ಮೇಲೆ ಹೋಗುವುದಕ್ಕೆ ನಮ್ಮಲ್ಲಿ ಕೆಲವು ಸ್ಪಷ್ಟ ಕಾರಣಗಳಿವೆ.

ಒಂದು, ಪಟ್ಟಿ ನಿಂತಿರುತ್ತದೆ, ಮಾರುಕಟ್ಟೆ ಓಡುತ್ತದೆ. ರಾಜ್ಯದಲ್ಲಿ ಮಾರ್ಗಸೂಚಿ ಬೆಲೆಯನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಿ ಜಾರಿಗೆ ತಂದರು. ಎರಡು ಪರಿಷ್ಕರಣೆಗಳ ನಡುವಿನ ಏರಿಳಿತ ಪಟ್ಟಿಗೆ ಗೊತ್ತಾಗುವುದಿಲ್ಲ.

ಎರಡು, ಹೊರಗಿನ ಗಿರಾಕಿ. ದಾಂಡೇಲಿ, ಗಣೇಶಗುಡಿಯ ಸುತ್ತ ಪ್ರವಾಸಿಗರು ಹೆಚ್ಚಿದ ಮೇಲೆ ಹೊಳೆಯ ಬದಿಯ ಮನೆ, ರಸ್ತೆಗೆ ತಾಗಿದ ಹಿತ್ತಲು ಇವುಗಳನ್ನು ಬೇಸಾಯದ ದೃಷ್ಟಿಯಿಂದ ನೋಡುವವರಿಗಿಂತ ವಸತಿಗೃಹದ ದೃಷ್ಟಿಯಿಂದ ನೋಡುವವರು ಹೆಚ್ಚಾದರು. ಭೂಸುಧಾರಣೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ ರೈತರಲ್ಲದವರಿಗೂ ಕೃಷಿ ಜಮೀನು ಕೊಳ್ಳಲು ದಾರಿಯಾಯಿತು.

ಮೂರು, ಮನೆಯ ಮರಮಟ್ಟು. ಮಾರ್ಗಸೂಚಿ ಪಟ್ಟಿ ಕಟ್ಟಡವನ್ನು ಕಾಂಕ್ರೀಟಿನದೋ ಹಂಚಿನದೋ ಎಂದು ನೋಡುತ್ತದೆ. ಹಳೆಯದಾದಷ್ಟೂ ಬೆಲೆ ಇಳಿಸುತ್ತದೆ. ಆದರೆ ನಮ್ಮ ಹಳೆಯ ಹಂಚಿನ ಮನೆಯ ಸಾಗವಾನಿ ಕಂಬ, ಮತ್ತಿಯ ತೊಲೆಗಳಿಗೆ ವರ್ಷ ಕಳೆದಂತೆ ಬೆಲೆ ಇಳಿಯುವುದಿಲ್ಲ, ಏರುತ್ತದೆ.

ನಾಲ್ಕು, ಉತಾರದಲ್ಲಿ ಕಾಣದ ಸೌಲಭ್ಯ. ನಂದಿಗದ್ದೆ, ಗುಂದದ ಕಡೆ ಮನೆಯೊಡನೆ ತೋಟವನ್ನೂ ಮಾರುವಾಗ ಅಬ್ಬಿಯ ನೀರು, ಸೊಪ್ಪಿನ ಬೆಟ್ಟ, ಅಂಗಳ, ಅಟ್ಟ ಎಲ್ಲವನ್ನೂ ಮನಸ್ಸಿನಲ್ಲಿಟ್ಟು ಬೆಲೆ ಹೇಳುತ್ತಾರೆ. ಆದರೆ ಬೆಟ್ಟದ ಒಡೆತನ ಸರ್ಕಾರದ್ದು. ಸೊಪ್ಪು, ದರಕು ತರುವ ಸೌಲಭ್ಯ ಮಾತ್ರ ತೋಟದವರದು. ಕ್ರಯಪತ್ರದಲ್ಲಿ ಅದನ್ನು ಸ್ವಂತ ಆಸ್ತಿಯೆಂದು ಬರೆದು ಮಾರುವಂತಿಲ್ಲ. ಕೊಳ್ಳುವವರು ಈ ಸಂಗತಿಯನ್ನು ಚೆನ್ನಾಗಿ ತಿಳಿದಿರಬೇಕು.

ಇನ್ನು ಇದಕ್ಕೆ ತದ್ವಿರುದ್ಧವಾದ ಮನೆಗಳೂ ಇವೆ. ಮಳೆಗಾಲದಲ್ಲಿ ಹಳ್ಳ ಬಂದರೆ ದಾರಿಯಿಲ್ಲದ ಮನೆ, ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಮನೆ, ಬಿನಶೇತ್ಕಿ ಆಗದ ಜಮೀನಿನಲ್ಲಿ ಕಟ್ಟಿದ ಮನೆ, ಅಣ್ಣತಮ್ಮಂದಿರ ಹಿಸ್ಸಾ ಆಗದ ಮನೆ. ಇಂಥವಕ್ಕೆ ಗಿರಾಕಿಯೇ ಸಿಗುವುದಿಲ್ಲ. ಸಿಕ್ಕರೂ ಬೆಲೆ ಪಟ್ಟಿಗಿಂತ ಕೆಳಗಿರಬಹುದು. ಪಟ್ಟಿ ಮಾತ್ರ ರಸ್ತೆಯ ಮೇಲಿನ ಮನೆಗೂ ಹಳ್ಳದಾಚೆಯ ಮನೆಗೂ ಒಂದೇ ದರ ಹೇಳುತ್ತಿರುತ್ತದೆ.

ಈ ತೊಡಕು ನಮ್ಮ ರಾಜ್ಯದ್ದೊಂದೇ ಅಲ್ಲ. ಇಂಗ್ಲೆಂಡಿನಲ್ಲಿ ಮನೆಗಳ ಸ್ಥಳೀಯ ತೆರಿಗೆಯನ್ನು ಇವತ್ತಿಗೂ 1991ರ ಏಪ್ರಿಲ್ 1ರಂದು ಇದ್ದ ಬೆಲೆಯ ಆಧಾರದ ಮೇಲೆ ಹಾಕುತ್ತಾರೆ. ಅಲ್ಲಿ ಆ ಬೆಲೆ ನೋಡಿ ಮನೆ ಕೊಳ್ಳಲು ಯಾರೂ ಹೋಗುವುದಿಲ್ಲ. ನ್ಯೂಜಿಲೆಂಡಿನಲ್ಲಿ ಕನಿಷ್ಠ ಮೂರು ವರ್ಷಕ್ಕೊಮ್ಮೆ ಪ್ರತಿ ಮನೆಗೂ ಹೊಸದಾಗಿ ಬೆಲೆ ಕಟ್ಟಿ ಯಜಮಾನನಿಗೆ ನೋಟೀಸು ಕಳಿಸುತ್ತಾರೆ. ಅವನು ಆಕ್ಷೇಪಣೆಯನ್ನೂ ಹಾಕಬಹುದು. ಆದ್ದರಿಂದ ಅಲ್ಲಿ ಕೊಳ್ಳುವವರು ಸರ್ಕಾರಿ ಬೆಲೆಯನ್ನು ಒಂದು ಅಳತೆಗೋಲಾಗಿ ಇಟ್ಟುಕೊಳ್ಳುವುದುಂಟು. ಸರ್ಕಾರಿ ಬೆಲೆಯನ್ನು ಎಷ್ಟು ನಂಬಬೇಕೆಂಬುದು ಅದನ್ನು ಯಾವಾಗ, ಹೇಗೆ ಕಟ್ಟಿದರು ಎಂಬುದರ ಮೇಲೆ ನಿಂತಿದೆ.

ಕಡಿಮೆ ಬರೆಸುವ ರೂಢಿ

ಕುದುರಿದ ಬೆಲೆ ಸರ್ಕಾರದ ಬೆಲೆಗಿಂತ ಹೆಚ್ಚಿದ್ದಾಗ ಕಾಗದದಲ್ಲಿ ಸರ್ಕಾರದ ಬೆಲೆಯನ್ನಷ್ಟೇ ಬರೆಸುವ ರೂಢಿ ಬಹುಕಾಲದಿಂದ ಎಲ್ಲ ಕಡೆಯೂ ಇದೆ. ಇದರಿಂದ ಎಷ್ಟು ಉಳಿಯುತ್ತದೆ, ಎಷ್ಟು ಹೋಗುತ್ತದೆ ಎಂದು ಒಂದು ಊಹೆಯ ಲೆಕ್ಕ ಹಾಕಿ ನೋಡೋಣ.

ಒಂದು ಮನೆಗೆ ಹೇಳಿದ ಬೆಲೆ 40 ಲಕ್ಷ. ಕುದುರಿದ್ದು 32 ಲಕ್ಷಕ್ಕೆ. ಮಾರ್ಗಸೂಚಿ ಬೆಲೆ 18 ಲಕ್ಷ. ಹಳ್ಳಿಯಲ್ಲಿ ಮುದ್ರಾಂಕ ಶುಲ್ಕ ಶೇಕಡಾ 5. ಅದರ ಮೇಲಿನ ಉಪಕರ, ಅಧಿಕ ಶುಲ್ಕ ಸೇರಿ ಶೇಕಡಾ 5.65 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇಕಡಾ 1 ಇದ್ದದ್ದನ್ನು 2025ರ ಆಗಸ್ಟ್ 31ರಿಂದ ಶೇಕಡಾ 2ಕ್ಕೆ ಏರಿಸಿದರು. ಒಟ್ಟು ಶೇಕಡಾ 7.65.

32 ಲಕ್ಷ ಬರೆಸಿದರೆ ಖರ್ಚು 2,44,800 ರೂಪಾಯಿ. 18 ಲಕ್ಷ ಬರೆಸಿದರೆ 1,37,700 ರೂಪಾಯಿ. ಉಳಿತಾಯ 1,07,100 ರೂಪಾಯಿ. ಈ ಒಂದು ಲಕ್ಷ ಚಿಲ್ಲರೆಗಾಗಿ ಕೊಳ್ಳುವವನು 14 ಲಕ್ಷ ರೂಪಾಯಿಯನ್ನು ಕಾಗದದ ಹೊರಗೆ ಇಟ್ಟಂತಾಯಿತು.

ಈಗ ಮುಂದಿನದನ್ನು ನೋಡಿ. ಕೆಲವು ವರ್ಷಗಳ ಮೇಲೆ ಅವನು ಮನೆಯನ್ನು 45 ಲಕ್ಷಕ್ಕೆ ಮಾರುತ್ತಾನೆ, ಆಗ ನಿಜವಾದ ಬೆಲೆಯನ್ನೇ ಬರೆಸುತ್ತಾರೆ ಎಂದಿಟ್ಟುಕೊಳ್ಳೋಣ. ಅವನಿಗೆ ನಿಜವಾಗಿ ಬಂದ ಲಾಭ 13 ಲಕ್ಷ. ಕಾಗದದ ಪ್ರಕಾರ ಲಾಭ 27 ಲಕ್ಷ. ಎರಡು ವರ್ಷ ಮೀರಿ ಇಟ್ಟುಕೊಂಡ ಮನೆಯ ಲಾಭದ ಮೇಲೆ ತೆರಿಗೆ, 2024ರ ಜುಲೈನಲ್ಲಿ ಮಾಡಿದ ಬದಲಾವಣೆಯ ಪ್ರಕಾರ, ಶೇಕಡಾ 12.5. ಬಾರದ 14 ಲಕ್ಷದ ಲಾಭಕ್ಕೆ 1,75,000 ರೂಪಾಯಿ ತೆರಿಗೆ ಬೀಳುತ್ತದೆ. ಹಿಂದೆ ಉಳಿಸಿದ್ದಕ್ಕಿಂತ ಇದು ಹೆಚ್ಚು.

ಸಾಲದ ಮಾತೂ ಹೀಗೆಯೇ. ಸಾಲ ಕೊಡುವವರು ಕ್ರಯಪತ್ರದ ಬೆಲೆ ಮತ್ತು ಮೌಲ್ಯಮಾಪಕರು ಹೇಳಿದ ಬೆಲೆ ಇವೆರಡರಲ್ಲಿ ಸಾಮಾನ್ಯವಾಗಿ ಕಡಿಮೆಯದನ್ನು ಹಿಡಿಯುತ್ತಾರೆ. ಬೆಲೆಯ ಮುಕ್ಕಾಲು ಭಾಗ ಸಾಲವೆಂದು ಹಿಡಿದರೆ 32 ಲಕ್ಷದ ಕಾಗದಕ್ಕೆ 24 ಲಕ್ಷ, 18 ಲಕ್ಷದ ಕಾಗದಕ್ಕೆ 13.5 ಲಕ್ಷ. ಉಳಿದ ಹಣಕ್ಕೆ ಖಾಸಗಿಯವರ ಬಡ್ಡಿಯೇ ಗತಿ.

ಮಾರುವವನೂ ಸುಖವಾಗಿರುವುದಿಲ್ಲ. ಕೈಯಲ್ಲಿ ಪಡೆದ 14 ಲಕ್ಷವನ್ನು ಅವನು ಬ್ಯಾಂಕಿನಲ್ಲಿಟ್ಟರೆ ಎಲ್ಲಿಂದ ಬಂತೆಂದು ಲೆಕ್ಕ ಹೇಳಬೇಕು. ಆಸ್ತಿ ವ್ಯವಹಾರದಲ್ಲಿ ಮುಂಗಡವೂ ಸೇರಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ಪಡೆಯಬಾರದು. ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗಬಹುದು. ಕಾಗದ ರಜಿಸ್ಟರ್ ಆದ ಮೇಲೆ ಬಾಕಿ ಹಣ ಕೊಡದೆ ಕೈಯೆತ್ತಿದರೆ ಕೇಳುವುದಕ್ಕೆ ಆಧಾರವೂ ಇರುವುದಿಲ್ಲ.

ಸೂಪಾ ಹೇಳುವ ಪಾಠ

ಇಲ್ಲಿಯವರೆಗೆ ಹೇಳಿದ್ದು ಒಬ್ಬೊಬ್ಬರ ಲಾಭ ನಷ್ಟ. ಇದಕ್ಕಿಂತ ದೊಡ್ಡದು ಊರಿನ ಲಾಭ ನಷ್ಟ.

ಕಾಳಿ ಮತ್ತು ಪಾಂಡರಿ ಹೊಳೆಗಳು ಕೂಡುವಲ್ಲಿ ಸೂಪಾ ಎಂಬ ಊರಿತ್ತು. ತಾಲೂಕಿಗೆ ಹೆಸರು ಕೊಟ್ಟ ಊರು ಅದು. ಕಾಳಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ 1987ರಲ್ಲಿ ಮುಗಿಸಿದರು. ಊರು ನೀರಿನಡಿಗೆ ಹೋಯಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ನೆಲೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ಆ ನೀರಿನಿಂದ ಬಂದ ವಿದ್ಯುತ್ತು ರಾಜ್ಯಕ್ಕೆಲ್ಲ ಬೆಳಕಾಯಿತು.

ಆ ಕಾಲದಲ್ಲಿ ಜಾರಿಯಲ್ಲಿದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ಬೆಲೆಯನ್ನು ಪರಿಹಾರವಾಗಿ ಕೊಡಬೇಕು, ಮನಸ್ಸಿಲ್ಲದೆ ಬಿಟ್ಟುಕೊಡುವವರಿಗೆ ಅದರ ಮೇಲೆ ಶೇಕಡಾ 15 ಸೇರಿಸಬೇಕು ಎಂದು ಅದರಲ್ಲಿತ್ತು. 1984ರ ತಿದ್ದುಪಡಿಯಲ್ಲಿ ಅದು ಶೇಕಡಾ 30 ಆಯಿತು. ಆದರೆ ಮಾರುಕಟ್ಟೆ ಬೆಲೆ ಇಷ್ಟೆಂದು ತೋರಿಸುವುದು ಹೇಗೆ? ಅಧಿಕಾರಿಯ ಮುಂದೆಯಾಗಲಿ ಕೋರ್ಟಿನಲ್ಲಾಗಲಿ ಮುಖ್ಯ ಸಾಕ್ಷಿ ಸುತ್ತಮುತ್ತ ರಜಿಸ್ಟರ್ ಆದ ಕ್ರಯಪತ್ರಗಳು. “ನಮ್ಮಲ್ಲಿ ಬೆಲೆ ಹೆಚ್ಚಿತ್ತು, ಕಾಗದದಲ್ಲಿ ಕಡಿಮೆ ಬರೆಸುವ ವಾಡಿಕೆ” ಎಂದು ಹೇಳಿದರೆ ಯಾವ ಕೋರ್ಟೂ ಕೇಳುವುದಿಲ್ಲ.

ಶುಲ್ಕಕ್ಕಾಗಿ ಮಾಡಿದ ಪಟ್ಟಿಯನ್ನೇ ಪರಿಹಾರಕ್ಕೆ ಆಧಾರ ಮಾಡಬಹುದೇ ಎಂಬ ಪ್ರಶ್ನೆಯೂ ಹಿಂದೆ ಎದ್ದಿತ್ತು. ಆದಿಲಾಬಾದ್ ಕಡೆಯ ಒಂದು ಭೂಸ್ವಾಧೀನದ ಮೊಕದ್ದಮೆಯಲ್ಲಿ 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಗೆ ಮಾಡಲಾಗದೆಂದು ಹೇಳಿತು. ಪಟ್ಟಿ ಶುಲ್ಕ ವಸೂಲಿಗೆ ಮಾತ್ರ, ಪರಿಹಾರಕ್ಕೆ ನಿಜವಾದ ಮಾರಾಟಗಳನ್ನು ನೋಡಬೇಕು ಎಂಬುದು ಅದರ ತಾತ್ಪರ್ಯ.

2013ರ ಹೊಸ ಭೂಸ್ವಾಧೀನ ಕಾಯ್ದೆ ಲೆಕ್ಕವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಅದರ 26ನೆಯ ಕಲಮಿನ ಪ್ರಕಾರ ಮುದ್ರಾಂಕ ಶುಲ್ಕಕ್ಕೆ ಗೊತ್ತುಮಾಡಿದ ಬೆಲೆ, ಸಮೀಪದ ಮಾರಾಟಗಳ ಸರಾಸರಿ, ಕೆಲವು ಯೋಜನೆಗಳಲ್ಲಿ ಒಪ್ಪಂದದಿಂದ ಗೊತ್ತಾದ ಮೊತ್ತ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು. ಸರಾಸರಿ ತೆಗೆಯುವ ಕ್ರಮವೂ ಇದೆ. ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳನ್ನು ತೆಗೆದುಕೊಂಡು ಅವುಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕೂ ಒಂದು ಊಹೆಯ ಲೆಕ್ಕ. ಒಂದು ಊರಿನಲ್ಲಿ ಮೂರು ವರ್ಷದಲ್ಲಿ ಆರು ಮಾರಾಟ. ಎಕರೆಗೆ 6, 6, 7, 8, 9, 10 ಲಕ್ಷ ಎಂದು ಕಾಗದದಲ್ಲಿದೆ. ಮೇಲಿನ ಮೂರರ ಸರಾಸರಿ 9 ಲಕ್ಷ. ನಿಜವಾಗಿ ಕೈ ಬದಲಾದದ್ದು ಇದರ ಇಮ್ಮಡಿ ಇದ್ದು ಅದನ್ನೇ ಬರೆಸಿದ್ದರೆ ಸರಾಸರಿ 18 ಲಕ್ಷ ಆಗುತ್ತಿತ್ತು. ಹೊಸ ಕಾಯ್ದೆಯಲ್ಲಿ ಸಮಾಧಾನ ಧನ ಶೇಕಡಾ 100. ಹಳ್ಳಿಯ ಜಮೀನಿಗೆ ಪಟ್ಟಣದಿಂದ ಇರುವ ದೂರಕ್ಕೆ ತಕ್ಕಂತೆ ಒಂದರಿಂದ ಎರಡರವರೆಗೆ ಗುಣಿಸುವ ಕ್ರಮವೂ ಇದೆ. ಗುಣಿಸುವುದನ್ನು ಬಿಟ್ಟರೂ ಮೊದಲಿನವರಿಗೆ ಎಕರೆಗೆ 18 ಲಕ್ಷ, ಎರಡನೆಯವರಿಗೆ 36 ಲಕ್ಷ. ಮನೆ, ಮರಗಳ ಬೆಲೆಯನ್ನು ಬೇರೆಯಾಗಿ ಕಟ್ಟುತ್ತಾರೆ. ಆದರೆ ನೆಲದ ಬೆಲೆ ಕುಸಿದರೆ ಪರಿಹಾರದ ಬುಡವೇ ಕುಸಿದಂತೆ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕಡಿಮೆ ಬರೆಸಿದವರು ಯಾರೋ, ಪರಿಹಾರ ಕಳೆದುಕೊಳ್ಳುವವರು ಯಾರೋ. ಒಂದು ಗುಂಟೆಯನ್ನೂ ಮಾರದ ಪಕ್ಕದ ಮನೆಯವನು ತನ್ನ ನೆಲ ರಸ್ತೆಗೋ ತಂತಿಮಾರ್ಗದ ಉಪಕೇಂದ್ರಕ್ಕೋ ಹೋದಾಗ ಊರಿನವರ ಕಾಗದಗಳಿಂದ ನಷ್ಟಪಡುತ್ತಾನೆ.

ಇನ್ನೊಂದು ಬಗೆಯ ಸರ್ಕಾರಿ ಬೆಲೆಯೂ ನಮ್ಮ ತಾಲೂಕಿನಲ್ಲಿದೆ. 2007ರಲ್ಲಿ ಅಣಶಿ–ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಅದರೊಳಗಿಂದ ಸ್ವಇಚ್ಛೆಯಿಂದ ಹೊರಬರುವ ಕುಟುಂಬಕ್ಕೆ ಕೇಂದ್ರದ ಯೋಜನೆಯಲ್ಲಿ ಮೊದಲು 10 ಲಕ್ಷ ಇದ್ದದ್ದನ್ನು 2021ರಲ್ಲಿ 15 ಲಕ್ಷ ಮಾಡಿದರು. ಇದು ಮನೆಯನ್ನಾಗಲಿ ಜಮೀನನ್ನಾಗಲಿ ಅಳೆದು ಕಟ್ಟಿದ ಬೆಲೆಯಲ್ಲ, ಕುಟುಂಬಕ್ಕೆ ಇಷ್ಟೆಂದು ಗೊತ್ತುಮಾಡಿದ ಮೊತ್ತ. ಗುಡಿಸಲು, ಸ್ವಲ್ಪ ಅತಿಕ್ರಮಣ ಜಮೀನು ಇರುವವರಿಗೆ ಅದು ಅನುಕೂಲವಾಗಬಹುದು. ಪಟ್ಟಾ ಜಮೀನು, ಫಲ ಕೊಡುವ ತೋಟ, ದೊಡ್ಡ ಮನೆ ಇರುವವರು ಒಪ್ಪುವ ಮೊದಲು ತಮ್ಮ ಆಸ್ತಿಯ ನಿಜ ಬೆಲೆಯನ್ನು ಪ್ರತ್ಯೇಕವಾಗಿ ಕಟ್ಟಿಸಿ ನೋಡುವುದು ಲೇಸು.

ಪಟ್ಟಿಯ ಬೆಲೆಯೇ ಹೆಚ್ಚಿದ್ದರೆ

ಹಳ್ಳದಾಚೆಯ ಮನೆ ಪಟ್ಟಿಗಿಂತ ಕಡಿಮೆಗೆ ಕುದುರಿದರೆ ಏನು ಮಾಡಬೇಕು? ಸಾಮಾನ್ಯವಾಗಿ ಪಟ್ಟಿಯ ಬೆಲೆಗೇ ಶುಲ್ಕ ಕಟ್ಟಲು ಹೇಳುತ್ತಾರೆ. ಆದರೆ ಪಟ್ಟಿ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮುದ್ರಾಂಕ ಕಾಯ್ದೆಯ 45-ಎ ಕಲಮಿನಂತೆ, ಸಬ್ ರಜಿಸ್ಟ್ರಾರರು ಹೇಳಿದ ಬೆಲೆಗೆ ಪಕ್ಷಕಾರರು ಒಪ್ಪದಿದ್ದರೆ ವಿಷಯವನ್ನು ಮೇಲಿನ ಅಧಿಕಾರಿಗೆ ಕಳಿಸಿ ನಿಜವಾದ ಮಾರುಕಟ್ಟೆ ಬೆಲೆಯನ್ನು ತೀರ್ಮಾನಿಸಲು ಅವಕಾಶವಿದೆ. ದಾರಿಯಿಲ್ಲದ್ದು, ಕಟ್ಟಡ ಶಿಥಿಲವಾದದ್ದು ಇವುಗಳ ಫೋಟೋ, ನಕ್ಷೆ, ಪಂಚಾಯತಿಯ ಪತ್ರ ಇಟ್ಟುಕೊಂಡಿರಬೇಕು.

ಆದಾಯ ತೆರಿಗೆಯ ಕಡೆಯೂ ಎಚ್ಚರ ಬೇಕು. ಕಾಗದದ ಬೆಲೆ ಮುದ್ರಾಂಕದ ಬೆಲೆಗಿಂತ ಶೇಕಡಾ 10 ಮೀರಿ ಕಡಿಮೆಯಿದ್ದರೆ ಮಾರುವವನಿಗೆ ಮುದ್ರಾಂಕದ ಬೆಲೆಯೇ ಬಂದಂತೆ ಲೆಕ್ಕ ಹಿಡಿಯುತ್ತಾರೆ. ಕೊಳ್ಳುವವನಿಗೂ ಆ ವ್ಯತ್ಯಾಸವನ್ನು ಆದಾಯವೆಂದು ಹಿಡಿಯುವ ನಿಯಮವಿದೆ. ಮಾರುವವನು ಮೌಲ್ಯಮಾಪನ ಅಧಿಕಾರಿಯಿಂದ ಬೆಲೆ ಕಟ್ಟಿಸುವಂತೆ ಕೇಳಬಹುದು. ಪಟ್ಟಣದಿಂದ ದೂರವಿರುವ ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಮನೆಗೆ ಈ ವಿನಾಯಿತಿ ತಾನಾಗಿ ಬರುವುದಿಲ್ಲ. ಆದಕಾರಣ ಮನೆ, ತೋಟ ಒಟ್ಟಿಗೆ ಮಾರುವಾಗ ಕಾಗದದಲ್ಲಿ ಎರಡಕ್ಕೂ ಬೆಲೆಯನ್ನು ಬೇರೆ ಬೇರೆ ತೋರಿಸುವುದು ಒಳ್ಳೆಯದು.

ಮಾಡತಕ್ಕ ಕೆಲಸಗಳು

1. ಹೇಳಿದ ಬೆಲೆಗೆ ಹೆದರಬೇಡಿ, ಹಿಗ್ಗಲೂ ಬೇಡಿ. ಊರಿನಲ್ಲಿ ಈಚೆಗೆ ನಿಜವಾಗಿ ಕುದುರಿದ ಎರಡು ಮೂರು ವ್ಯವಹಾರಗಳನ್ನು ವಿಚಾರಿಸಿ. ಮಾರಾಟಕ್ಕಿಟ್ಟು ವರ್ಷವಾದರೂ ಹೋಗದ ಮನೆಯ ಬೆಲೆ ಬೆಲೆಯಲ್ಲ.

2. ಮಾರ್ಗಸೂಚಿ ಬೆಲೆಯನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಅಥವಾ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ನೋಡಬಹುದು. ಪಟ್ಟಿಯ ಕೊನೆಯ ವಿಶೇಷ ಸೂಚನೆಗಳನ್ನು ಬಿಡದೆ ಓದಿ. ರಸ್ತೆ, ಕಟ್ಟಡ ಇವುಗಳ ಲೆಕ್ಕ ಅಲ್ಲಿರುತ್ತದೆ.

3. ಬೆಲೆಗಿಂತ ಮೊದಲು ಕಾಗದ ನೋಡಿ. ಉತಾರ, ಪಂಚಾಯತಿಯ ನಮೂನೆ 9 ಮತ್ತು 11, ಬಿನಶೇತ್ಕಿ ಆದೇಶ, ಹಿಸ್ಸಾ, ಬೋಜಾ, ಅರಣ್ಯದ ಗಡಿ. ಇವುಗಳಲ್ಲಿ ಕೊರತೆಯಿದ್ದರೆ ಅದೇ ಚೌಕಾಶಿಗೆ ಸರಿಯಾದ ಕಾರಣ.

4. ಕುದುರಿದ ಬೆಲೆಯನ್ನೇ ಕ್ರಯಪತ್ರದಲ್ಲಿ ಬರೆಸಿ, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಪಡೆಯಿರಿ.

5. ಪರಿಷ್ಕರಣೆಯ ಕರಡು ಪಟ್ಟಿ ಪ್ರಕಟವಾದಾಗ ಆಕ್ಷೇಪಣೆಗೆ ಅವಧಿ ಕೊಡುತ್ತಾರೆ. ಆಗ ಊರಿನವರು ಕೂಡಿ ಓದಿ. ರಸ್ತೆಯ ಮೇಲಿನದಕ್ಕೂ ಒಳಗಿನದಕ್ಕೂ ಒಂದೇ ದರ ಹಾಕಿದ್ದರೆ ಬರವಣಿಗೆಯಲ್ಲಿ ತಿಳಿಸಿ. ಒಬ್ಬರ ಅರ್ಜಿಗಿಂತ ಸಂಘದ, ಪಂಚಾಯತಿಯ ಅರ್ಜಿಗೆ ತೂಕ ಹೆಚ್ಚು.

ಕೊನೆಯದಾಗಿ ಒಂದು ಮಾತು. ಕೊಳ್ಳುವಾಗ ಸರ್ಕಾರದ ಬೆಲೆ ಕಡಿಮೆಯಿರಲಿ, ಸರ್ಕಾರಕ್ಕೆ ಕೊಡುವಾಗ ಮಾತ್ರ ಹೆಚ್ಚಿರಲಿ ಎಂದು ನಾವೆಲ್ಲ ಬಯಸುತ್ತೇವೆ. ಎರಡೂ ಒಟ್ಟಿಗೆ ಆಗುವುದಿಲ್ಲ. ನಾವು ಬರೆಸಿದ ಅಂಕಿಯೇ ಮುಂದೆ ಪಟ್ಟಿಯಾಗಿ, ಪರಿಹಾರವಾಗಿ ನಮ್ಮ ಬಳಿಗೆ ತಿರುಗಿ ಬರುತ್ತದೆ. ಯಾವ ಯೋಜನೆ ಯಾವ ಊರಿಗೆ ಯಾವಾಗ ಬಂದೀತೆಂದು ಹೇಳಬಲ್ಲವರಿಲ್ಲ. ಸೂಪಾ ಪೇಟೆಯಲ್ಲಿ ಮನೆ ಕೊಂಡವರೂ ಮಕ್ಕಳು ಮೊಮ್ಮಕ್ಕಳ ಕಾಲಕ್ಕೆಂದೇ ಕೊಂಡಿದ್ದರು.

ಮನೆ, ಜಮೀನಿನ ವ್ಯವಹಾರಕ್ಕೆ ಕೈ ಹಾಕುವ ಸದಸ್ಯರು ಮುಂಗಡ ಕೊಡುವ ಮೊದಲು ಕಾಗದಪತ್ರಗಳ ಪ್ರತಿಗಳೊಂದಿಗೆ ಸಂಘದ ಕಚೇರಿಗೆ ಬಂದರೆ ಕೂತು ಲೆಕ್ಕ ಹಾಕಿ ನೋಡಲು ನಾವು ಸಿದ್ಧರಿದ್ದೇವೆ. ಮುಂಗಡ ಕೊಟ್ಟ ಮೇಲೆ ಬಂದರೂ ಬೇಡವೆನ್ನುವುದಿಲ್ಲ. ಆದರೆ ಆಗ ಹೇಳುವುದಕ್ಕೆ ನಮ್ಮಲ್ಲಿ ಹೆಚ್ಚು ಉಳಿದಿರುವುದಿಲ್ಲ.